ಐತಿಹಾಸಿಕ ಚಿತ್ರದ ಹೊರಾಂಗಣ ಚಿತ್ರೀಕರಣದ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾಲದ ಕಥೆಯೊಂದನ್ನು ಬಯಲಿನಲ್ಲೋ ಬೆಟ್ಟದ ತಪ್ಪಲಿನಲ್ಲೋ ನದಿಯ ದಂಡೆಯಲ್ಲೋ ಚಿತ್ರೀಕರಿಸುವಾಗ ಒಂದು ದಿನ ಹೇಗೆ ಸಾಗುತ್ತದೆ ಎಂಬುದರ ಬಗ್ಗೆ ಹಲವರು ಪ್ರಶ್ನೆ ಕೇಳುತ್ತಾರೆ. ಸಹಾಯಕರಾಗಿ ಹೊಸದಾಗಿ ಸೇರಿದವರು, ಸಹ ಕಲಾವಿದರಾಗಿ ಒಂದೆರಡು ದಿನ ಬರುವವರು, ಚಿತ್ರೀಕರಣ ನೋಡುವ ಆಸೆಯಿಂದ ಬಂದವರು ಅವರಲ್ಲಿದ್ದಾರೆ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ತೆರೆಯ ಮೇಲೆ ಹಳೆಯ ಕಾಲವನ್ನು ನಂಬಿಸಬೇಕಾದರೆ ಕಟ್ಟಿ ನಿಲ್ಲಿಸುವುದಕ್ಕಿಂತ ಕಣ್ಣಿಗೆ ಬೀಳದಂತೆ ತೆಗೆದುಹಾಕುವ ಕೆಲಸವೇ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಉತ್ತರಗಳು ಸುಲಭವಾಗಿ ಅರ್ಥವಾಗುತ್ತವೆ.

ಸೂರ್ಯ ಹುಟ್ಟುವ ಮೊದಲೇ ಎಲ್ಲರೂ ಸ್ಥಳದಲ್ಲಿ ಇರಬೇಕೆಂದು ಏಕೆ ಒತ್ತಾಯಿಸುತ್ತಾರೆ?

ಹೊರಾಂಗಣದಲ್ಲಿ ಅತ್ಯಂತ ಬೆಲೆಬಾಳುವ ದೀಪ ಸೂರ್ಯ, ಅದನ್ನು ಹಚ್ಚುವ ಆರಿಸುವ ಅಧಿಕಾರ ಯಾರಿಗೂ ಇಲ್ಲ. ಸೂರ್ಯ ಕ್ಷಿತಿಜದಿಂದ ಸುಮಾರು 6 ಡಿಗ್ರಿ ಮೇಲೇರುವವರೆಗೆ ಬೆಳಕು ಮೃದುವಾಗಿ, ಹೊಂಬಣ್ಣದಲ್ಲಿ, ಓರೆಯಾಗಿ ಬೀಳುತ್ತದೆ. ಕೋಟೆಯ ಗೋಡೆಯ ಒರಟುತನ, ಕುದುರೆಯ ಮೈಯ ಹೊಳಪು, ಗಾಳಿಯಲ್ಲಿ ತೇಲುವ ಧೂಳು ಇವೆಲ್ಲ ಎದ್ದುಕಾಣುವುದು ಆ ಬೆಳಕಿನಲ್ಲಿಯೇ. ಆ ಅವಧಿ ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸು. ಸಮಭಾಜಕ ವೃತ್ತದ ಹತ್ತಿರದ ಪ್ರದೇಶಗಳಲ್ಲಿ ಸೂರ್ಯ ಬಹುತೇಕ ನೇರವಾಗಿ ಮೇಲೇರುವುದರಿಂದ ಅದು ಇನ್ನೂ ಬೇಗ ಮುಗಿಯುತ್ತದೆ.

ಆದರೆ ಆ ಒಂದು ಗಂಟೆಗೆ ಸಿದ್ಧರಾಗಲು ಮೂರು ನಾಲ್ಕು ಗಂಟೆ ಬೇಕು. ಇನ್ನೂರು ಮಂದಿ ಸೈನಿಕರ ಪಾತ್ರಧಾರಿಗಳಿದ್ದರೆ ಪ್ರತಿಯೊಬ್ಬರಿಗೂ ಉಡುಪು ತೊಡಿಸಿ, ಗಡ್ಡ ಮೀಸೆ ಅಂಟಿಸಿ, ಮುಖಕ್ಕೆ ಮಣ್ಣುಬಣ್ಣ ಹಚ್ಚಿ, ಆಯುಧ ಕೊಟ್ಟು, ಸಾಲಾಗಿ ನಿಲ್ಲಿಸಬೇಕು. ಒಬ್ಬರಿಗೆ ಹತ್ತೇ ನಿಮಿಷವೆಂದರೂ ಹತ್ತು ಜನ ಪ್ರಸಾಧಕರಿಗೆ ಮೂರು ಗಂಟೆಗೂ ಹೆಚ್ಚು ಹೊತ್ತಿನ ಕೆಲಸವಾಯಿತು. ಆದ್ದರಿಂದ ಪ್ರಸಾಧನ ಮತ್ತು ವಸ್ತ್ರ ವಿಭಾಗದವರ ದಿನ ನಡುರಾತ್ರಿ ಕಳೆದ ಕೂಡಲೇ ಶುರುವಾಗುತ್ತದೆ.

ಕಾಲ್ ಶೀಟ್‌ನಲ್ಲಿ ಏನೇನು ಇರುತ್ತದೆ?

ಕಾಲ್ ಶೀಟ್ ಎಂದರೆ ಮರುದಿನದ ಕೆಲಸದ ಪಟ್ಟಿ. ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು, ಯಾವ ದೃಶ್ಯಗಳು ಯಾವ ಕ್ರಮದಲ್ಲಿ ಬರುತ್ತವೆ, ಸೂರ್ಯೋದಯ ಸೂರ್ಯಾಸ್ತದ ಸಮಯವೇನು, ಹವಾಮಾನ ಮುನ್ಸೂಚನೆ ಏನು ಹೇಳುತ್ತದೆ, ಕುದುರೆಗಳೆಷ್ಟು, ಗಾಡಿಗಳೆಷ್ಟು, ಹತ್ತಿರದ ಆಸ್ಪತ್ರೆ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಸಿದ್ಧಪಡಿಸುವುದು ನಿರ್ದೇಶನ ವಿಭಾಗದ ಸಹಾಯಕರ ಹೊಣೆ. ಹಿಂದಿನ ಸಂಜೆಯೇ ಅದು ಎಲ್ಲರ ಕೈಸೇರುತ್ತದೆ. ಹೊಸಬರು ಅದರಲ್ಲಿ ತಮ್ಮ ಹೆಸರಿನ ಸಾಲನ್ನಷ್ಟೇ ನೋಡಿ ಬಿಟ್ಟುಬಿಡುತ್ತಾರೆ. ಪೂರ್ತಿ ಓದಬೇಕು. ಮಧ್ಯಾಹ್ನದ ದೃಶ್ಯದಲ್ಲಿ ಹೊಗೆ ಇದೆಯೆಂದು ಬೆಳಿಗ್ಗೆಯೇ ಗೊತ್ತಿದ್ದವನು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಆಗಿನಿಂದಲೇ ಗಮನಿಸುತ್ತಿರುತ್ತಾನೆ.

ಇಡೀ ದಿನ ದುಡಿದರೂ ತೆರೆಯ ಮೇಲೆ ಎರಡು ಮೂರು ನಿಮಿಷ ಮಾತ್ರ ಉಳಿಯುವುದೇಕೆ?

ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಚಿತ್ರರಂಗದ ಹಳೆಯ ಲೆಕ್ಕ. ವೇಳಾಪಟ್ಟಿ ಹಾಕುವವರು ಪ್ರತಿ ಪುಟವನ್ನು ಎಂಟು ಭಾಗ ಮಾಡಿ ಎಣಿಸುತ್ತಾರೆ. ಕೋಣೆಯಲ್ಲಿ ಇಬ್ಬರು ಕುಳಿತು ಮಾತಾಡುವ ನಾಲ್ಕೈದು ಪುಟಗಳನ್ನು ಒಂದೇ ದಿನದಲ್ಲಿ ಮುಗಿಸಬಹುದು. ಆದರೆ ‘ಸೇನೆ ನದಿ ದಾಟುತ್ತದೆ’ ಎಂಬ ಒಂದೇ ಸಾಲು, ಅಂದರೆ ಪುಟದ ಎಂಟನೆಯ ಒಂದು ಭಾಗ, ಎರಡು ದಿನ ತಿನ್ನಬಹುದು. ಕ್ಯಾಮೆರಾದ ಜಾಗ ಬದಲಾದಾಗಲೆಲ್ಲ ಅದು ಸಾಗುವ ಹಳಿಗಳನ್ನು (ಟ್ರ್ಯಾಕ್) ಹಾಸಬೇಕು, ನೆರಳಿನ ಪರದೆಗಳನ್ನು ಸರಿಸಬೇಕು, ಜನರನ್ನು ಮೊದಲಿನ ಜಾಗಕ್ಕೆ ತರಬೇಕು. ನೂರು ಕುದುರೆಗಳು ಓಡಿದ ಶಾಟ್ ಇಪ್ಪತ್ತು ಸೆಕೆಂಡಿನದಾದರೆ, ಅವುಗಳನ್ನು ಹಿಂದಕ್ಕೆ ನಡೆಸಿ, ನೀರು ಕುಡಿಸಿ, ಗೊರಸಿನ ಗುರುತುಗಳನ್ನು ಅಳಿಸಿ ಮತ್ತೆ ಸಿದ್ಧಗೊಳಿಸಲು ನಲವತ್ತು ನಿಮಿಷ ಹಿಡಿಯುತ್ತದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಏನು ಮಾಡುತ್ತಾರೆ?

ಸೂರ್ಯ ನೆತ್ತಿಯ ಮೇಲಿದ್ದಾಗ ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ಕೂರುತ್ತದೆ, ಕಿರೀಟ ಅಥವಾ ಶಿರಸ್ತ್ರಾಣ ಧರಿಸಿದವರ ಅರ್ಧ ಮುಖವೇ ಮುಚ್ಚಿಹೋಗುತ್ತದೆ. ಆಗ ದೂರದ ವಿಶಾಲ ದೃಶ್ಯಗಳನ್ನು ಬಿಟ್ಟು ಸಮೀಪದ ಶಾಟ್‌ಗಳನ್ನು ಕೈಗೆತ್ತಿಕೊಳ್ಳುವುದು ರೂಢಿ. 12 ಅಡಿ ಅಥವಾ 20 ಅಡಿ ಚೌಕದ ತೆಳು ಬಟ್ಟೆಯ ಪರದೆಯನ್ನು ಕಲಾವಿದರ ತಲೆಯ ಮೇಲೆ ಕಟ್ಟಿ, ಬಿಳಿಯ ಹಲಗೆಯಿಂದ ಮುಖಕ್ಕೆ ಬೆಳಕನ್ನು ತಿರುಗಿಸುತ್ತಾರೆ.

ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಿರುತ್ತಾನೆ. ಹೀಗಾಗಿ ನಾಲ್ಕು ಗಂಟೆ ಎಳೆದ ಒಂದು ದೃಶ್ಯದಲ್ಲಿ ಬೆಳಕು 60 ಡಿಗ್ರಿ ತಿರುಗಿರುತ್ತದೆ. ತೆರೆಯ ಮೇಲೆ ಆ ಮಾತುಕತೆ ಎರಡೇ ನಿಮಿಷದ್ದು, ನೆರಳುಗಳು ಅಷ್ಟರಲ್ಲಿ ದಿಕ್ಕು ಬದಲಿಸಿದಂತೆ ಕಾಣಬಾರದು. ಅನುಭವಿ ಛಾಯಾಗ್ರಾಹಕರು ಮೊದಲು ಒಬ್ಬ ಪಾತ್ರಧಾರಿಯ ಕಡೆಯ ಎಲ್ಲ ಶಾಟ್‌ಗಳನ್ನು ಸೂರ್ಯ ಅವರ ಬೆನ್ನ ಹಿಂದಿರುವಾಗ ಮುಗಿಸುತ್ತಾರೆ. ಸೂರ್ಯ ಇನ್ನೊಂದು ಕಡೆಗೆ ಬಂದ ಮೇಲೆ ಎದುರಿನವರ ಶಾಟ್‌ಗಳನ್ನು ತೆಗೆಯುತ್ತಾರೆ. ಇಬ್ಬರ ಬೆನ್ನ ಹಿಂದೆಯೂ ಸೂರ್ಯನಿರುವುದು ನಿಜ ಜೀವನದಲ್ಲಿ ಸಾಧ್ಯವಿಲ್ಲದ ಸಂಗತಿ, ಆದರೂ ನೋಡುವವರ ಕಣ್ಣು ಅದನ್ನು ಮರುಮಾತಿಲ್ಲದೆ ಒಪ್ಪುತ್ತದೆ.

ಮೋಡ ಬಂದರೆ ಚಿತ್ರೀಕರಣ ನಿಲ್ಲುತ್ತದೆಯೇ?

ಪೂರ್ತಿ ಮೋಡ ಮುಸುಕಿದ್ದರೆ ನಿಲ್ಲುವುದಿಲ್ಲ, ಬೆಳಕು ಸಮವಾಗಿರುವುದರಿಂದ ಕೆಲಸ ಚುರುಕಾಗಿಯೇ ಸಾಗುತ್ತದೆ. ತೊಂದರೆ ಕೊಡುವುದು ಬಂದು ಹೋಗುವ ಬಿಡಿ ಮೋಡ. ನೇರ ಬಿಸಿಲಿಗೂ ದಟ್ಟ ಮೋಡಕ್ಕೂ ಬೆಳಕಿನ ಪ್ರಮಾಣದಲ್ಲಿ ನಾಲ್ಕರಿಂದ ಎಂಟು ಪಟ್ಟು ವ್ಯತ್ಯಾಸವಿರುತ್ತದೆ. ಆದ್ದರಿಂದ ಅರ್ಧ ಶಾಟ್ ಬಿಸಿಲಲ್ಲಿ, ಇನ್ನರ್ಧ ನೆರಳಲ್ಲಿ ತೆಗೆದರೆ ಅದು ಬಳಕೆಗೆ ಬರುವುದಿಲ್ಲ. ಅದಕ್ಕಾಗಿಯೇ ಎಲ್ಲರೂ ತಲೆಯೆತ್ತಿ ಆಕಾಶ ನೋಡುತ್ತ ಸುಮ್ಮನೆ ನಿಂತಿರುವುದು ಕಾಣುತ್ತದೆ. ಸುಮ್ಮನೆ ನಿಂತಿದ್ದಾರೆಂದು ಅನ್ನಿಸಿದರೂ ಅದು ಕೆಲಸದ ಭಾಗವೇ.

ಇಂದಿನ ಕಾಲದ ಗುರುತುಗಳನ್ನು ಹೇಗೆ ಮರೆಮಾಡುತ್ತಾರೆ?

ವಿದ್ಯುತ್ ಕಂಬ, ಮೊಬೈಲ್ ಗೋಪುರ, ಡಾಂಬರು ರಸ್ತೆ, ನೀರಿನ ತೊಟ್ಟಿ ಇವನ್ನು ಎಲ್ಲರೂ ಗುರುತಿಸುತ್ತಾರೆ. ಸ್ಥಳ ಆಯ್ಕೆಗಾಗಿ ಮೊದಲೇ ನೋಡಿ ಬರಲು (ರೆಕ್ಕಿ) ಹೋದಾಗಲೇ ಕ್ಯಾಮೆರಾ ಯಾವ ದಿಕ್ಕಿಗೆ ತಿರುಗಬಹುದು, ಯಾವ ದಿಕ್ಕಿಗೆ ತಿರುಗಬಾರದು ಎಂದು ನಿರ್ಧರಿಸಿರುತ್ತಾರೆ. ಉಳಿದುದನ್ನು ಒಂದು ಮರದ ಕೊಂಬೆ, ಒಂದು ಗುಡಾರ, ನಿಂತ ಎತ್ತಿನ ಗಾಡಿ ಅಥವಾ ತುಸು ಹೊಗೆ ಮರೆಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಗ್ರಾಫಿಕ್ಸ್ ವಿಭಾಗ ಅಳಿಸುತ್ತದೆ. ರಸ್ತೆಯ ಮೇಲೆ ಮಣ್ಣು ಸುರಿದು ಮುಚ್ಚುವುದಕ್ಕೆ ಅರ್ಧ ದಿನ ಸಾಕು, ಅದೇ ರಸ್ತೆಯನ್ನು ನೂರಾರು ಶಾಟ್‌ಗಳಿಂದ ಅಳಿಸುವುದಕ್ಕೆ ತಿಂಗಳುಗಳು ಬೇಕು. ‘ಆಮೇಲೆ ಗ್ರಾಫಿಕ್ಸ್‌ನಲ್ಲಿ ನೋಡಿಕೊಳ್ಳೋಣ’ ಎಂಬ ಮಾತನ್ನು ಸ್ಥಳದಲ್ಲಿ ಕೊನೆಯ ದಾರಿಯಾಗಿ ಮಾತ್ರ ಆಡಬೇಕು.

ನಿಜವಾಗಿ ಕಾಡುವುದು ಯಾರ ಗಮನಕ್ಕೂ ಬಾರದ ಗುರುತುಗಳು. ಗಿಡಮರಗಳನ್ನೇ ನೋಡಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ, ಸೂರ್ಯಕಾಂತಿ, ಪಪ್ಪಾಯಿ ಇವೆಲ್ಲ ಅಮೆರಿಕ ಖಂಡಗಳ ಬೆಳೆಗಳು. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪುವ ಮೊದಲಿನ ಏಷ್ಯಾ ಅಥವಾ ಯುರೋಪಿನ ಕಥೆಯಲ್ಲಿ, ಸಂತೆಯ ಬುಟ್ಟಿಯಲ್ಲಾಗಲಿ ಹಿನ್ನೆಲೆಯ ಹೊಲದಲ್ಲಾಗಲಿ ಅವು ಕಾಣಬಾರದು. ಲಂಟಾನ ಪೊದೆಯೂ ಅಲ್ಲಿಂದಲೇ ಬಂದದ್ದು. ಕಾಗದದ ಹೂವು ದಕ್ಷಿಣ ಅಮೆರಿಕದ ಬಳ್ಳಿ, 1766ರಲ್ಲಿ ಹೊರಟ ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ಸಮುದ್ರಯಾನದ ನಂತರವೇ ಅದು ಹೊರಗಿನವರ ಪರಿಚಯಕ್ಕೆ ಬಂದದ್ದು. ಆಸ್ಟ್ರೇಲಿಯದ ನೀಲಗಿರಿ ಮರಗಳು ಬೇರೆ ಖಂಡಗಳ ಬೆಟ್ಟಗಳನ್ನು ತುಂಬಿದ್ದು 18ನೇ ಶತಮಾನದ ಕೊನೆಯ ಭಾಗದಿಂದ ಈಚೆಗೆ. ಮುಳ್ಳುತಂತಿಗೆ ಅಮೆರಿಕದ ಗ್ಲಿಡನ್ ಪೇಟೆಂಟ್ ಪಡೆದದ್ದು 1874ರಲ್ಲಿ, ಉಜ್ಜಿ ಹೊತ್ತಿಸುವ ಬೆಂಕಿಕಡ್ಡಿ ಮಾರಾಟಕ್ಕೆ ಬಂದದ್ದು 1827ರಲ್ಲಿ. ಹೀಗಾಗಿ ಕಲಾ ವಿಭಾಗದಲ್ಲಿ ಒಬ್ಬರಾದರೂ ಗಿಡಗಳನ್ನು ಗುರುತಿಸಬಲ್ಲವರು ಇರಬೇಕೆಂಬುದು ಈ ಉತ್ತರ ಬರೆಯುವವರ ದೃಢವಾದ ಅಭಿಪ್ರಾಯ. ಪ್ರೇಕ್ಷಕರಲ್ಲಿ ರೈತರಿರುತ್ತಾರೆ, ಅವರ ಕಣ್ಣು ಮೊದಲು ಹೋಗುವುದು ಬೆಳೆಯ ಕಡೆಗೇ.

ನೆಲವನ್ನೂ ಮರೆಯಬಾರದು. ಯೂನಿಟ್‌ನ ವಾಹನಗಳು ಒಮ್ಮೆ ಬಯಲಿನ ಮೇಲೆ ಹಾದುಹೋದರೆ ಟಯರಿನ ಅಚ್ಚು ಉಳಿದುಬಿಡುತ್ತದೆ, ಅದನ್ನು ಗುಡಿಸಿ ಅಳಿಸುವುದಕ್ಕೆ ಬೆಳಗಿನ ಬೆಳಕೇ ಕಳೆದುಹೋಗುತ್ತದೆ. ವಾಹನಗಳ ದಾರಿಯನ್ನು ಹಿಂದಿನ ದಿನವೇ ಹಗ್ಗ ಕಟ್ಟಿ ಗುರುತಿಸಿಟ್ಟರೆ ಈ ತೊಂದರೆ ಬರುವುದಿಲ್ಲ.

ಹೊಸದಾಗಿ ಹೊಲಿದ ಉಡುಪು ಹಳತಾಗಿ ಕಾಣುವುದು ಹೇಗೆ?

ಬಟ್ಟೆಯನ್ನು ಹಲವು ಬಾರಿ ಒಗೆದು, ಚಹಾ ಅಥವಾ ಮಣ್ಣಿನ ನೀರಿನಲ್ಲಿ ಅದ್ದಿ, ಮೊಣಕೈ ಮತ್ತು ಅಂಚುಗಳನ್ನು ಉಜ್ಜುಕಾಗದದಿಂದ ಸವೆಸಿ, ಕೊರಳಪಟ್ಟಿಗೆ ಬೆವರಿನ ಕಲೆ ಬರುವಂತೆ ಬಣ್ಣ ಹಚ್ಚುತ್ತಾರೆ. ದುಡಿಯುವ ಮೈಯ ಮೇಲೆ ಬಟ್ಟೆ ಎಲ್ಲಿ ಸವೆಯುತ್ತದೋ ಅಲ್ಲಿಯೇ ಸವೆಸಬೇಕು. ನೀರು ಹೊರುವವಳ ಸೆರಗು ಹೆಗಲ ಬಳಿ ಮಾಸಿರುತ್ತದೆ, ಕುದುರೆ ಸವಾರನ ಉಡುಪು ತೊಡೆಯ ಒಳಭಾಗದಲ್ಲಿ ತೆಳುವಾಗಿರುತ್ತದೆ.

ಬಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಿಲಿಯಂ ಪರ್ಕಿನ್ ಮೊದಲ ಕೃತಕ ಅನಿಲೀನ್ ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ. ಅದಕ್ಕೂ ಮುಂಚೆ ಜಗತ್ತಿನಲ್ಲಿ ಎಲ್ಲಿಯೇ ಆಗಲಿ ಬಟ್ಟೆಗೆ ಬಣ್ಣ ಬಹುಮಟ್ಟಿಗೆ ಬರುತ್ತಿದ್ದುದು ಗಿಡ, ಬೇರು, ಕೀಟ, ಚಿಪ್ಪು, ಖನಿಜಗಳಿಂದ. ಅರಿಶಿನದ ಹಳದಿ, ಮಂಜಿಷ್ಠದ ಕೆಂಪು, ನೀಲಿ ಗಿಡದ ನೀಲಿ ಇವೂ ಗಾಢವಾಗಿಯೇ ಇದ್ದವು. ಹಳೆಯ ಕಾಲವೆಂದರೆ ಎಲ್ಲರೂ ಬೂದು ಕಂದು ಉಟ್ಟವರೆಂದು ತೋರಿಸುವುದೂ ಸರಿಯಲ್ಲ. ಆದರೆ ಇಂದಿನ ಕಾರ್ಖಾನೆಯ ಕಣ್ಣು ಕೋರೈಸುವ ಗುಲಾಬಿ ಮತ್ತು ಹಸಿರು ಆ ಲೋಕಕ್ಕೆ ಸೇರಿದವಲ್ಲ. ಬೆನ್ನ ಮೇಲೆ ಜಿಪ್ ಕಾಣಿಸಿದರಂತೂ ಮುಗಿದೇ ಹೋಯಿತು, ಇಂದಿನ ರೂಪದ ಜಿಪ್ ಬಂದದ್ದು 20ನೇ ಶತಮಾನದಲ್ಲಿ.

ಮುನ್ನೂರು ಜನರಿಂದ ಹತ್ತು ಸಾವಿರದ ಸೇನೆಯನ್ನು ತೋರಿಸುವುದು ಹೇಗೆ?

ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿದು, ಮುನ್ನೂರು ಜನರನ್ನು ಮೊದಲು ಎಡಕ್ಕೆ, ಆಮೇಲೆ ನಡುವಿಗೆ, ಆಮೇಲೆ ಬಲಕ್ಕೆ, ಮತ್ತೆ ಹಿಂದಕ್ಕೆ ನಿಲ್ಲಿಸಿ ಒಂದೊಂದು ಬಾರಿ ಚಿತ್ರೀಕರಿಸಿ, ಕಡೆಗೆ ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಜೋಡಿಸುವುದು ಹಳೆಯ, ನಂಬಿಕೆಯ ವಿಧಾನ. ಬೆಳಕು ಬದಲಾಗುವ ಮೊದಲೇ ಎಲ್ಲ ಭಾಗಗಳನ್ನು ಮುಗಿಸಬೇಕಾಗಿರುವುದರಿಂದ ಓಡಾಟ ಬಹಳ. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಸೈನಿಕರನ್ನು ಸೇರಿಸುವುದಾದರೆ, ಗ್ರಾಫಿಕ್ಸ್ ತಂಡದವರು ಪ್ರತಿ ಶಾಟ್ ಮುಗಿದ ಮೇಲೆ ಹೊಳೆಯುವ ಒಂದು ಗೋಳ ಮತ್ತು ಬೂದು ಬಣ್ಣದ ಒಂದು ಗೋಳವನ್ನು ಕ್ಯಾಮೆರಾ ಮುಂದೆ ಹಿಡಿಯುತ್ತಾರೆ. ಬೆಳಕು ಯಾವ ದಿಕ್ಕಿನಿಂದ, ಎಷ್ಟು ತೀಕ್ಷ್ಣವಾಗಿ ಬೀಳುತ್ತಿತ್ತು ಎಂಬುದು ಅದರಲ್ಲಿ ದಾಖಲಾಗುತ್ತದೆ.

ಮುಂದಿನ ಸಾಲಿನವರಿಗೆ ಒಳ್ಳೆಯ ಉಡುಪು, ನಡುವಿನವರಿಗೆ ಸಾಧಾರಣ, ಹಿಂದಿನವರಿಗೆ ಬರೀ ಹೊದಿಕೆ ಎಂಬ ಹಂಚಿಕೆ ಖರ್ಚಿನ ಕಾರಣಕ್ಕೆ ನಡೆದುಬಂದಿದೆ. ಅದನ್ನು ಪೂರ್ತಿ ತಪ್ಪಿಸಲಾಗದಿದ್ದರೂ, ಹಿಂದೆ ನಿಂತವರಿಗೂ ತಾವು ಯಾರು, ಎಲ್ಲಿಂದ ನಡೆದುಬಂದವರು, ಎಷ್ಟು ದಣಿದವರು ಎಂದು ಒಂದು ಮಾತು ಹೇಳಲೇಬೇಕು. ಅದಕ್ಕೆ ಖರ್ಚಿಲ್ಲ. ಹಾಗೆ ಹೇಳಿಸಿಕೊಂಡವರು ನಿಲ್ಲುವ ರೀತಿಯೇ ಬೇರೆಯಾಗಿರುತ್ತದೆ, ದೂರದ ಶಾಟ್‌ನಲ್ಲೂ ಅದು ಕಾಣುತ್ತದೆ.

ಸಹ ಕಲಾವಿದರಾಗಿ ಬರುವವರು ಏನನ್ನು ಗಮನಿಸಬೇಕು?

ಕೈಗಡಿಯಾರ, ಉಂಗುರ, ಕನ್ನಡಕ, ಉಗುರುಬಣ್ಣ, ಮೊಬೈಲ್ ಇವನ್ನು ಉಡುಪು ತೊಡುವ ಮೊದಲೇ ತೆಗೆದಿಡಬೇಕು. ಗಡಿಯಾರ ತೆಗೆದರೂ ಮಣಿಕಟ್ಟಿನಲ್ಲಿ ಬಿಸಿಲು ತಾಗದ ಬಿಳಿಯ ಪಟ್ಟಿ ಉಳಿದಿರುತ್ತದೆ, ಅದನ್ನು ಪ್ರಸಾಧಕರಿಗೆ ತೋರಿಸಿ ಮುಚ್ಚಿಸಿಕೊಳ್ಳುವುದು ಒಳ್ಳೆಯದು. ಹಚ್ಚೆ ಮತ್ತು ತೋಳಿನ ಲಸಿಕೆಯ ಗುರುತಿಗೂ ಇದೇ ಮಾತು ಸಲ್ಲುತ್ತದೆ. ಸಿಡುಬಿನ ಲಸಿಕೆಯನ್ನು ಜೆನ್ನರ್ ಮೊದಲು ಪ್ರಯೋಗಿಸಿದ್ದೇ 1796ರಲ್ಲಿ. ಕನ್ನಡಕವಿಲ್ಲದೆ ನಡೆಯಲಾಗದವರು ಅದನ್ನು ಮುಚ್ಚಿಡದೆ ಸಹಾಯಕರಿಗೆ ಹೇಳಬೇಕು. ಕತ್ತಿ ಹಿಡಿದವರ ಗುಂಪಿನಲ್ಲಿ ಕಣ್ಣು ಮಂಜಾದವರು ಓಡುವುದು ಅಪಾಯ.

ಕ್ಯಾಮೆರಾವನ್ನು ನೇರವಾಗಿ ನೋಡಬಾರದು. ‘ಕಟ್’ ಎಂಬ ಮಾತು ಕೇಳುವವರೆಗೆ ಪಾತ್ರದಿಂದ ಹೊರಬರಬಾರದು. ದಾಹವಾದರೆ ಸಂಕೋಚಪಡಬಾರದು. ನಿಜವಾದ ಸರಪಳಿ ಕವಚ 10 ಕಿಲೋಗಿಂತ ಹೆಚ್ಚು ತೂಗುತ್ತದೆ. ಅದರ ಬದಲು ಬಳಸುವ ಬೆಳ್ಳಿ ಬಣ್ಣ ಬಳಿದ ಹೆಣಿಗೆ ಬಟ್ಟೆ ಹಗುರವಾಗಿದ್ದರೂ ಬಿಸಿಲಿನಲ್ಲಿ ಮೈಯ ಶಾಖವನ್ನು ಹೊರಬಿಡುವುದಿಲ್ಲ. ನೀರು ಮತ್ತು ನೆರಳು ಸಹ ಕಲಾವಿದರಿಗೂ ನಾಯಕನಟರಷ್ಟೇ ಹಕ್ಕಾಗಿ ಸಿಗಬೇಕು.

ಕುದುರೆಗಳನ್ನು ಹೇಗೆ ನೋಡಿಕೊಳ್ಳುತ್ತಾರೆ?

ಕುದುರೆಗೆ ಸುತ್ತಲಿನ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಬೆನ್ನ ಹಿಂದೆ ಮತ್ತು ಹಣೆಯ ನೇರ ಮುಂದೆ ಇರುವ ಸಣ್ಣ ಭಾಗಗಳು ಮಾತ್ರ. ಅಂದರೆ ದೂರದಲ್ಲಿ ಯಾರೋ ತಿರುಗಿಸಿದ ರಿಫ್ಲೆಕ್ಟರಿನ ಮಿಂಚು, ಹಾರುವ ಪ್ಲಾಸ್ಟಿಕ್ ಹಾಳೆ, ಏಕಾಏಕಿ ಮೇಲೇರಿದ ಡ್ರೋನ್ ಎಲ್ಲವೂ ಅದನ್ನು ಬೆದರಿಸಬಲ್ಲವು. ಆದ್ದರಿಂದ ಹೊಗೆ, ಬಾವುಟ, ಡೋಲು, ಸಿಡಿಮದ್ದುಗಳನ್ನು ವಾರಗಳ ಮೊದಲಿಂದಲೇ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿರುತ್ತಾರೆ. ಶಾಟ್‌ಗೆ ಮುಂಚೆ ಅದೇ ದಾರಿಯಲ್ಲಿ ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ನಾಗಾಲೋಟ ಮಾಡಿಸುತ್ತಾರೆ. ನೆಲದಲ್ಲಿ ಬಿಲ, ಕಲ್ಲು, ತಂತಿ ಇಲ್ಲವೆಂದು ಯಾರಾದರೂ ಕಾಲ್ನಡಿಗೆಯಲ್ಲಿ ನೋಡಿ ಬಂದ ಮೇಲೆಯೇ ಓಟಕ್ಕೆ ಒಪ್ಪಿಗೆ. ಬೀಳುವ ದೃಶ್ಯಕ್ಕೆ ಬೀಳುವುದನ್ನೇ ಕಲಿತ ಕುದುರೆಗಳಿರುತ್ತವೆ, ಅವು ಬೀಳುವ ಜಾಗವನ್ನು ಅಗೆದು ಮಣ್ಣನ್ನು ಮೆದುಗೊಳಿಸಿರುತ್ತಾರೆ. ನಾಯಕನ ಒಂದು ಕುದುರೆಯ ಪಾತ್ರಕ್ಕೆ ಒಂದೇ ಬಣ್ಣದ ಎರಡು ಮೂರು ಕುದುರೆಗಳನ್ನು ಸರದಿಯಲ್ಲಿ ಬಳಸುವುದರಿಂದ ಯಾವುದೂ ದಣಿಯುವುದಿಲ್ಲ, ಹಣೆಯ ಬಿಳಿ ಮಚ್ಚೆಯನ್ನು ಬಣ್ಣದಿಂದ ಹೊಂದಿಸುತ್ತಾರೆ.

ಕಾಲಿಗೆ ತಂತಿ ಕಟ್ಟಿ ಓಡುವ ಕುದುರೆಯನ್ನು ಉರುಳಿಸುವ ಕ್ರೂರ ಪದ್ಧತಿ ಒಂದು ಕಾಲದಲ್ಲಿ ಇತ್ತು. 1939ರ ಒಂದು ಅಮೆರಿಕನ್ ಚಿತ್ರದಲ್ಲಿ ಕಡಿದಾದ ಬಂಡೆಯಿಂದ ನೀರಿಗೆ ಬೀಳಿಸಿದ ಕುದುರೆ ಸತ್ತದ್ದು ದೊಡ್ಡ ಪ್ರತಿಭಟನೆಗೆ ಕಾರಣವಾಯಿತು. ಅದರ ಬೆನ್ನಲ್ಲೇ 1940ರಿಂದ ಅಲ್ಲಿ ಅಮೆರಿಕನ್ ಹ್ಯೂಮೇನ್ ಎಂಬ ಪ್ರಾಣಿದಯಾ ಸಂಸ್ಥೆಯ ಪ್ರತಿನಿಧಿಗಳು ಚಿತ್ರೀಕರಣ ಸ್ಥಳದಲ್ಲಿ ನಿಂತು ನೋಡುವ ವ್ಯವಸ್ಥೆ ಆರಂಭವಾಯಿತು. ಒಂದು ಪ್ರಾಣಿಯ ನೋವನ್ನು ಬೇಡುವ ಯಾವ ಶಾಟ್ ಕೂಡ ಚಿತ್ರಕ್ಕೆ ಅನಿವಾರ್ಯವಲ್ಲ.

ಕತ್ತಿ, ಬಂದೂಕು, ಬೆಂಕಿಗಳು ನಿಜವಾದವೇ?

ಸಮೀಪದ ಶಾಟ್‌ಗೆ ಮೊಂಡಾದ ಲೋಹದ ಕತ್ತಿ, ಕಾದಾಟಕ್ಕೆ ಹಗುರ ಅಲ್ಯೂಮಿನಿಯಂ ಅಥವಾ ಬಿದಿರಿನದು, ಬೀಳುವವರ ಕೈಗೆ ರಬ್ಬರಿನದು ಎಂಬಂತೆ ಒಂದೇ ಆಯುಧದ ಹಲವು ರೂಪಗಳಿರುತ್ತವೆ. ಬೆಳಿಗ್ಗೆ ಎಣಿಸಿ ಕೊಟ್ಟದ್ದನ್ನು ಸಂಜೆ ಎಣಿಸಿಯೇ ಹಿಂದೆ ಪಡೆಯುತ್ತಾರೆ.

ಬಂದೂಕಿನ ವಿಷಯದಲ್ಲಿ ಸಡಿಲಿಕೆಗೆ ಜಾಗವೇ ಇಲ್ಲ. ಗುಂಡಿಲ್ಲದೆ ಮದ್ದು ಮಾತ್ರ ತುಂಬಿದ ತೋಟಾ ಕೂಡ ಬಿಸಿ ಅನಿಲವನ್ನೂ ತುಣುಕುಗಳನ್ನೂ ರಭಸದಿಂದ ಉಗುಳುತ್ತದೆ, ಹತ್ತಿರದಿಂದ ಅದು ಕೊಲ್ಲಬಲ್ಲದು. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 19ನೇ ಶತಮಾನದ ಕಥೆಯ ಚಿತ್ರವೊಂದಕ್ಕೆ ತಯಾರಿ ನಡೆಯುತ್ತಿದ್ದಾಗ, ಇರಲೇಬಾರದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಪ್ರಾಣ ಕಳೆದುಕೊಂಡರು. ಆಯುಧದ ಹೊಣೆ ಹೊತ್ತವರು ಪ್ರತಿ ಟೇಕ್‌ಗೂ ಮುಂಚೆ ಬಂದೂಕನ್ನು ಎಲ್ಲರೆದುರು ತೆರೆದು ತೋರಿಸಬೇಕು, ಅದನ್ನು ನೋಡುವ ಹಕ್ಕು ಅಲ್ಲಿರುವ ಪ್ರತಿಯೊಬ್ಬರಿಗೂ ಇದೆ. ಬೆಳಕು ಹೋಗುತ್ತಿದೆ ಎಂಬ ಅವಸರ ಈ ಕ್ರಮವನ್ನು ಬಿಡಲು ಕಾರಣವಾಗಬಾರದು. ಬೆಂಕಿಯ ದೃಶ್ಯಗಳಿಗೆ ಅನಿಲದ ಕೊಳವೆಗಳನ್ನು ಅಳವಡಿಸಿ, ಒಂದು ಕವಾಟ ಮುಚ್ಚಿದರೆ ಜ್ವಾಲೆ ಆರುವಂತೆ ಮಾಡಿರುತ್ತಾರೆ, ಒಣಹುಲ್ಲಿನ ಬಯಲಿನಲ್ಲಾದರೆ ಸುತ್ತಲಿನ ನೆಲವನ್ನು ಮೊದಲೇ ತೋಯಿಸಿರುತ್ತಾರೆ.

ಬಯಲಿನಲ್ಲಿ ಮಾತುಗಳನ್ನು ಹೇಗೆ ಧ್ವನಿಮುದ್ರಿಸುತ್ತಾರೆ?

ಗಾಳಿ, ವಿಮಾನ, ದೂರದ ಪಂಪ್‌ಸೆಟ್ ಇವು ಸಿಂಕ್ ಸೌಂಡಿನ, ಅಂದರೆ ಚಿತ್ರೀಕರಣದ ಜೊತೆಗೇ ಮಾಡುವ ಧ್ವನಿಮುದ್ರಣದ, ಶತ್ರುಗಳು. ಮೈಕಿಗೆ ತುಪ್ಪಳದ ಹೊದಿಕೆ ಹಾಕಿ, ಸಣ್ಣ ಮೈಕನ್ನು ಉಡುಪಿನ ಮಡಿಕೆಯಲ್ಲೋ ಪೇಟದ ಸುತ್ತಿನಲ್ಲೋ ಬಚ್ಚಿಟ್ಟು, ಜನರೇಟರನ್ನು ದೂರದಲ್ಲಿ ದಿಬ್ಬದಾಚೆ ನಿಲ್ಲಿಸುತ್ತಾರೆ. ದೂರದ ಶಾಟ್‌ಗಳಲ್ಲಿ ಇನ್ನೊಂದು ಸಂಗತಿಯೂ ಇದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಒಂದು ಫ್ರೇಮಿಗೆ ಹದಿನಾಲ್ಕು ಮೀಟರಿನಷ್ಟಾಯಿತು. ನೂರು ಮೀಟರ್ ದೂರದಲ್ಲಿ ಕೂಗಿದ ಸೇನಾಪತಿಯ ದನಿ ಕ್ಯಾಮೆರಾ ಬಳಿಯ ಮೈಕಿಗೆ ಏಳು ಫ್ರೇಮ್ ತಡವಾಗಿ ಮುಟ್ಟುತ್ತದೆ, ಸಂಕಲನದಲ್ಲಿ ಅದನ್ನು ಹೊಂದಿಸಬೇಕು. ಬಹಳಷ್ಟು ಚಿತ್ರಗಳಲ್ಲಿ ಮಾತುಗಳನ್ನು ಆಮೇಲೆ ಡಬ್ಬಿಂಗ್ ಮಾಡುತ್ತಾರಾದರೂ, ಸ್ಥಳದ ಗಾಳಿ ಹಕ್ಕಿಗಳ ಸದ್ದನ್ನು ಒಂದು ನಿಮಿಷವಾದರೂ ಪ್ರತ್ಯೇಕವಾಗಿ ಹಿಡಿದಿಟ್ಟುಕೊಂಡಿರಬೇಕು. ಆ ಒಂದು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುವುದು ಅದಕ್ಕಾಗಿಯೇ.

ಕಂಟಿನ್ಯುಟಿ ಎಂದರೆ ಉಡುಪು ಒಂದೇ ಇರಬೇಕೆಂಬುದಷ್ಟೇ ಅಲ್ಲವೇ?

ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಲ್ಲವೂ ಹೊಂದಿಕೊಂಡು ಬರುವುದೇ ಕಂಟಿನ್ಯುಟಿ, ಐತಿಹಾಸಿಕ ಯುದ್ಧದ ದೃಶ್ಯದಲ್ಲಿ ಅದು ತುಂಬ ಹಬ್ಬಿಕೊಳ್ಳುತ್ತದೆ. ನಾಯಕನ ಒಂದೇ ಅಂಗಿ ಸ್ವಚ್ಛವಾದದ್ದು, ಧೂಳು ಹಿಡಿದದ್ದು, ಹರಿದದ್ದು, ರಕ್ತ ಮೆತ್ತಿದ್ದು ಎಂದು ಹಂತ ಹಂತವಾಗಿ ಬೇಕು. ನಾಯಕನ ಬದಲು ಸಾಹಸ ಮಾಡುವವರಿಗೂ ಅಷ್ಟೇ ಪ್ರತಿಗಳು ಬೇಕು. ಕಥೆಯ ಕ್ರಮದಲ್ಲಿ ಚಿತ್ರೀಕರಣ ನಡೆಯದ ಕಾರಣ, ಗಾಯ ಒಣಗಿದ ದೃಶ್ಯ ಬೆಳಿಗ್ಗೆ ಮುಗಿದು ಗಾಯವಾಗುವ ದೃಶ್ಯ ಸಂಜೆ ಬರಬಹುದು. ಗಾಯ ಯಾವ ಹುಬ್ಬಿನ ಮೇಲೆ, ಎಷ್ಟು ಉದ್ದ ಎಂಬುದನ್ನು ಫೋಟೊ ಸಹಿತ ಬರೆದಿಡುವವರು ಇಡೀ ಚಿತ್ರದ ನೆನಪಿನ ಶಕ್ತಿಯಿದ್ದಂತೆ.

ಮಳೆ, ಗಾಳಿ, ಸಿಡಿಲು ಬಂದರೆ?

ತುಂತುರು ಮಳೆ ಕ್ಯಾಮೆರಾಕ್ಕೆ ಬಹುತೇಕ ಕಾಣುವುದೇ ಇಲ್ಲ. ಮಳೆಹನಿ ಕಾಣಬೇಕಾದರೆ ಅದರ ಹಿಂದಿನಿಂದ ಬೆಳಕು ಬೀಳಬೇಕು. ಗಾಳಿಯದು ಬೇರೆ ಮಾತು. 20 ಅಡಿ ಚೌಕದ ಪರದೆಯ ವಿಸ್ತೀರ್ಣ 400 ಚದರ ಅಡಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆಗ ಹಗ್ಗ ಹಿಡಿದವರನ್ನೂ ಎಳೆದೊಯ್ಯುತ್ತದೆ. ಗಾಳಿ ಏಳುವ ಲಕ್ಷಣ ಕಂಡ ಕೂಡಲೇ ಅದನ್ನು ಇಳಿಸಬೇಕು.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೇ ಇದೆಯೆಂದು ಅರ್ಥ. ಎಲ್ಲರೂ ಲೋಹದ ಕ್ರೇನ್, ಈಟಿ, ಒಂಟಿ ಮರಗಳಿಂದ ದೂರ ಸರಿದು ಕಟ್ಟಡ ಅಥವಾ ಮುಚ್ಚಿದ ವಾಹನಗಳನ್ನು ಸೇರಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯದೆ ಹೊರಬರಬಾರದು.

ನಿಜವಾದ ಸ್ಮಾರಕಗಳ ಬಳಿ ಚಿತ್ರೀಕರಿಸುವುದು ಸರಿಯೇ?

ಅನುಮತಿ ಪಡೆದು, ಅದರ ಷರತ್ತುಗಳನ್ನು ಅಕ್ಷರಶಃ ಪಾಲಿಸುವುದಾದರೆ ಸರಿ. ಗೋಡೆಗೆ ಮೊಳೆ ಹೊಡೆಯುವುದು, ಬಣ್ಣ ಬಳಿಯುವುದು, ಹತ್ತಿರದಲ್ಲಿ ಪಂಜು ಉರಿಸುವುದು ಕೂಡದು. ಮಸಿ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದರೆ ತೊಳೆದು ತೆಗೆಯಲಾಗುವುದಿಲ್ಲ. ಮುರಿಯುವ, ಸುಡುವ, ಹತ್ತುವ ದೃಶ್ಯಗಳಿದ್ದರೆ ಆ ಭಾಗದ ಪ್ರತಿರೂಪವನ್ನು ಬೇರೆಡೆ ಕಟ್ಟಿಕೊಳ್ಳಬೇಕು. ಇತಿಹಾಸದ ಮೇಲಿನ ಪ್ರೀತಿಯಿಂದ ಚಿತ್ರ ಮಾಡುವವರೇ ಅದರ ಉಳಿದ ಕುರುಹನ್ನು ಕೆಡಿಸಿದರೆ ಆ ನಷ್ಟಕ್ಕೆ ಪರಿಹಾರವಿಲ್ಲ.

ಸಂಜೆಯ ಮತ್ತು ರಾತ್ರಿಯ ದೃಶ್ಯಗಳನ್ನು ಯಾವಾಗ ತೆಗೆಯುತ್ತಾರೆ?

ತೋಳನ್ನು ನೇರ ಚಾಚಿ ಬೆರಳುಗಳನ್ನು ಸೂರ್ಯನಿಗೂ ಕ್ಷಿತಿಜಕ್ಕೂ ನಡುವೆ ಅಡ್ಡಲಾಗಿ ಹಿಡಿದರೆ, ಒಂದೊಂದು ಬೆರಳಿಗೆ ಸುಮಾರು 15 ನಿಮಿಷದ ಹಗಲು ಉಳಿದಿದೆ ಎಂದು ಅಂದಾಜು ಮಾಡಬಹುದು. ನಾಲ್ಕು ಬೆರಳು ಉಳಿದಾಗ ಎಲ್ಲರ ನಡಿಗೆಯೂ ಚುರುಕಾಗುತ್ತದೆ. ಸೂರ್ಯ ಮುಳುಗಿ 6 ಡಿಗ್ರಿ ಕೆಳಗಿಳಿಯುವವರೆಗಿನ ನೀಲಿ ಮಬ್ಬು ಬೆಳಕಿನಲ್ಲಿ ಆಕಾಶವೂ ಪಂಜುಗಳೂ ಒಟ್ಟಿಗೆ ಕಾಣುತ್ತವೆ, ಪಾಳೆಯದ ರಾತ್ರಿಯ ವಿಶಾಲ ದೃಶ್ಯವನ್ನು ಆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಹಿಡಿಯುವುದು ಉತ್ತಮ. ಅದಕ್ಕಾಗಿ ಮಧ್ಯಾಹ್ನವೇ ತಾಲೀಮು ಮುಗಿದಿರಬೇಕು. ಪೂರ್ತಿ ಕತ್ತಲಾದ ಮೇಲೆ ಎತ್ತರದ ಕ್ರೇನಿನಿಂದ ಮೃದುವಾದ ಬೆಳಕು ಬಿಟ್ಟು ಅದನ್ನು ಬೆಳದಿಂಗಳೆಂದು ನಂಬಿಸುತ್ತಾರೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಪಂಜಿನ ಬೆಳಕು 2000 ಕೆಲ್ವಿನ್‌ನ ಆಸುಪಾಸಿನ ಕೆಂಪುಹಳದಿ, ಹಗಲಿನ ಬೆಳಕಿಗೆ ಹೊಂದಿಸಿದ ದೀಪಗಳು 5600 ಕೆಲ್ವಿನ್. ಈ ಅಂತರವೇ ರಾತ್ರಿಯ ಚಿತ್ರಕ್ಕೆ ಬೆಚ್ಚಗಿನ ಮತ್ತು ತಣ್ಣನೆಯ ಬಣ್ಣಗಳನ್ನು ಒಟ್ಟಿಗೆ ಕೊಡುತ್ತದೆ.

‘ಪ್ಯಾಕಪ್’ ಎಂದ ಮೇಲೆ ಏನು ಕೆಲಸ ಉಳಿದಿರುತ್ತದೆ?

ಆಯುಧ ಮತ್ತು ಆಭರಣಗಳ ಎಣಿಕೆ, ಉಡುಪುಗಳನ್ನು ಒಣಗಿಸುವುದು, ಕುದುರೆಗಳ ಕಾಲು ಗೊರಸುಗಳ ತಪಾಸಣೆ, ಸ್ಥಳದ ಶುಚಿ ಇವೆಲ್ಲ ಆಗ ನಡೆಯುತ್ತವೆ. ಕ್ಯಾಮೆರಾದ ಕಾರ್ಡುಗಳಲ್ಲಿರುವುದನ್ನು ಕನಿಷ್ಠ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಜಾಗಕ್ಕೆ ಕಳಿಸಿ, ಪ್ರತಿಗಳು ಮೂಲಕ್ಕೆ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸುವವರೆಗೆ ಆ ಕಾರ್ಡುಗಳನ್ನು ಅಳಿಸುವಂತಿಲ್ಲ. ಮರುದಿನದ ಕಾಲ್ ಶೀಟ್ ಹೊರಡುವ ಮೊದಲು ಒಂದು ಲೆಕ್ಕ ಆಗಲೇಬೇಕು. ಕಡೆಯದಾಗಿ ಹೊರಟವರಿಗೂ ಮರುದಿನ ಮೊದಲು ಬರಬೇಕಾದವರಿಗೂ ನಡುವೆ ಪ್ರಯಾಣ ಬಿಟ್ಟು ಹತ್ತು ಗಂಟೆಯಾದರೂ ವಿಶ್ರಾಂತಿ ಸಿಗುತ್ತದೆಯೇ ಎಂದು ನೋಡಿ, ಸಿಗದಿದ್ದರೆ ಬೆಳಗಿನ ದೃಶ್ಯವನ್ನೇ ಮುಂದಕ್ಕೆ ಹಾಕಬೇಕು. ನಿದ್ದೆಗೆಟ್ಟ ಚಾಲಕ, ನಿದ್ದೆಗೆಟ್ಟ ಸವಾರ, ನಿದ್ದೆಗೆಟ್ಟ ಆಯುಧಪಾಲಕ ಈ ಮೂವರಲ್ಲಿ ಒಬ್ಬರಿದ್ದರೂ ಆ ದಿನದ ಚಿತ್ರೀಕರಣವನ್ನು ಆರಂಭಿಸಬಾರದು.